ಕೊಹಿಮಾದ ಗುಡ್ಡ: ಅಂದು, ಇಂದು

ಹೋದ ದಸರಾ ರಜೆಯಲ್ಲಿ ನಾವು ನಾಗಾಲ್ಯಾಂಡಿಗೆ ಹೋಗಿಬಂದೆವು. "ಅಷ್ಟು ದೂರವೇ!" ಎಂದು ಹುಬ್ಬೇರಿಸಬೇಡಿ. ನನ್ನ ಮೈದುನನಿಗೆ ದಿಮಾಪುರಕ್ಕೆ ವರ್ಗವಾಗಿ ಎರಡು ವರ್ಷವಾಯಿತು. "ಅತ್ತಿಗೆ, ಈ ಸಲ ನೀವು ಬರದಿದ್ದರೆ ನಾನೂ ಊರಿಗೆ ಬರೋಲ್ಲ" ಅಂತ ಹಟ ಹಿಡಿದ. ದಿಮಾಪುರದಿಂದ ಕೊಹಿಮಾಗೆ ಸುಮಾರು 74 ಕಿಲೋಮೀಟರ್, ಬೆಟ್ಟ ಹತ್ತುವ ದಾರಿ.

ನಿಜ ಹೇಳುತ್ತೇನೆ, ನನಗೆ ಆಸೆಯಿದ್ದದ್ದು ಅಲ್ಲಿನ ಶಾಲು ಮತ್ತು ಸಂತೆ ನೋಡಲು. ಯುದ್ಧದ ಸಮಾಧಿಗಳನ್ನು ನೋಡಬೇಕು ಎಂದವನು ಮಗ. ಡಿಗ್ರಿ ಮುಗಿಸಿದ್ದಾನೆ, ಸೈನ್ಯಕ್ಕೆ ಸೇರುತ್ತೇನೆ ಎನ್ನುತ್ತಾನೆ. ಅದಕ್ಕಾಗಿ ನಮ್ಮಿಬ್ಬರಿಗೂ ಮನೆಯಲ್ಲಿ ಎಷ್ಟು ಸಲ ಜಟಾಪಟಿ ಆಗಿದೆಯೋ!

ಸಮಾಧಿಗಳಿರುವುದು ಊರ ನಡುವಿನ ಗುಡ್ಡದ ಮೇಲೆ. ಮೆಟ್ಟಿಲು ಮೆಟ್ಟಿಲಾಗಿ ಹಸಿರು ಹುಲ್ಲು, ಸಾಲುಸಾಲು ಕಲ್ಲುಗಳು, ನಡುನಡುವೆ ಹೂಗಿಡ. ಮಗ ಮೊಬೈಲಿನಲ್ಲಿ 1944ರ ಫೋಟೋಗಳನ್ನು ತೆಗೆದು, "ನೋಡಮ್ಮಾ, ಇದೇ ಗುಡ್ಡ" ಅಂದ. ನಾನು ನಂಬಲಿಲ್ಲ. ಒಂದು ಎಲೆಯಿಲ್ಲ, ಸುಟ್ಟ ಕಂಬಗಳಂಥ ಮರಗಳು, ಅಗೆದು ಹರವಿದ ಮಣ್ಣು. ಮರಗಳ ಮೇಲೆ ಏನೋ ಬಿಳಿ ಬಟ್ಟೆ. "ಇಂಥ ಕಡೆ ಬಟ್ಟೆ ಒಗೆದು ಒಣಹಾಕಿದವರು ಯಾರೋ?" ಎಂದೆ. "ಅದು ಪ್ಯಾರಾಚೂಟ್ ಅಮ್ಮಾ. ವಿಮಾನದಿಂದ ನೀರು, ಔಷಧಿ ಇಳಿಸ್ತಿದ್ರು" ಅಂದ.

ಆ ವರ್ಷದ ಏಪ್ರಿಲ್‌ನಲ್ಲಿ ಜಪಾನಿನ ಸೈನ್ಯ ಎರಡು ವಾರ ಈ ಗುಡ್ಡವನ್ನು ಮುತ್ತಿತ್ತು. ನೀರಿನ ಮೂಲವೇ ಅವರ ವಶವಾಗಿ, ಒಳಗಿದ್ದ ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಲೀಟರಿಗೂ ಕಡಿಮೆ ನೀರು! ನನ್ನ ಚೀಲದಲ್ಲಿದ್ದ ಬಾಟಲಿಯ ನೀರು ಒಬ್ಬನಿಗೆ ಎರಡು ದಿನದ ಪಾಲು.

ಅಲ್ಲೇ ಡೆಪ್ಯುಟಿ ಕಮಿಷನರರ ಬಂಗಲೆಯೂ ಟೆನಿಸ್ ಅಂಗಳವೂ ಇದ್ದವು. ಅಂಗಳದ ಒಂದು ಬದಿಗೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು, ಇನ್ನೊಂದು ಬದಿಗೆ ಜಪಾನಿಯರು. ಅಷ್ಟು ಹತ್ತಿರದಿಂದ ಕೈಬಾಂಬು ಎಸೆದಾಡಿದರು. ಬಂಗಲೆ ಉಳಿಯಲಿಲ್ಲ. ಅಂಗಳದ ಗೆರೆಗಳನ್ನು ಮಾತ್ರ ಈಗ ಬಿಳಿ ಕಾಂಕ್ರೀಟಿನಲ್ಲಿ ಗುರುತಿಸಿದ್ದಾರೆ. ಆ ಗೆರೆಯ ಮೇಲೆ ಕಾಲಿಡಲು ನನಗೆ ಮನಸ್ಸಾಗಲಿಲ್ಲ.

ಇಲ್ಲಿ 1,420 ಸಮಾಧಿಗಳಿವೆ. ಕಲ್ಲುಗಳ ಮೇಲೆ ಹೆಸರು, ವಯಸ್ಸು. ಎಷ್ಟೋ ಕಲ್ಲುಗಳ ಕೆಳಗೆ ಮನೆಯವರು ಬರೆಸಿದ ಒಂದು ಸಾಲು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು... ನನ್ನ ಮಗನಿಗೂ ಇಪ್ಪತ್ತೊಂದೇ! ಮೇಲುಗಡೆ ದಹನ ಮಾಡಿದ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕವಿದೆ. ಅಲ್ಲಿ ಹೆಸರುಗಳಷ್ಟೆ. ಅವರ ಅಮ್ಮಂದಿರು ಹೇಳಬೇಕೆಂದಿದ್ದ ಸಾಲು ಯಾವ ಕಲ್ಲಿನ ಮೇಲೂ ಇಲ್ಲ. ಅಷ್ಟು ಹೊತ್ತು ವಟಗುಟ್ಟುತ್ತಿದ್ದ ಮಗ ಅಲ್ಲಿ ಸುಮ್ಮನೆ ನಿಂತುಬಿಟ್ಟ.

ಎದುರು ದಿಬ್ಬದ ನಾಗಾ ಹಳ್ಳಿಯೂ ಆ ಯುದ್ಧದಲ್ಲಿ ಹಾಳಾಗಿತ್ತು. ಮನೆ ಕಳಕೊಂಡ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಒಲೆ ಹೂಡಿದರೋ, ಮಗ ತೋರಿಸಿದ ಯಾವ ಫೋಟೋದಲ್ಲೂ ಅದಿರಲಿಲ್ಲ. ಈಗ ದಿಬ್ಬದ ತುಂಬ ಮನೆಗಳು. ಮನೆಗಳ ಮುಂದೆ ಹಗ್ಗದ ಮೇಲೆ ಬಿಳಿ ಬಟ್ಟೆ ಹಾರುತ್ತಿತ್ತು. ಈ ಸಲ ಅದು ಒಗೆದ ಬಟ್ಟೆಯೇ. ನೋಡಿ ಸಮಾಧಾನವಾಯಿತು.

ನೀವೂ ಹೋಗುವುದಾದರೆ ಇನ್ನರ್ ಲೈನ್ ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಿ, ಸ್ವೆಟರ್ ಮರೆಯಬೇಡಿ. ಹಳೆಯ ಫೋಟೋ ಒಂದನ್ನು ಜೊತೆಗೆ ಒಯ್ಯಿರಿ. ಅದಿಲ್ಲದಿದ್ದರೆ ನಿಮಗೆ ಕಾಣುವುದು ಒಂದು ಚೆಂದದ ಹೂದೋಟ ಮಾತ್ರ.

ಇಳಿಯುವಾಗ ಮಗ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಎರಡು ಗುಟುಕು ಕುಡಿದು, ಉಳಿದದ್ದನ್ನು ಜೋಪಾನವಾಗಿ ಮುಚ್ಚಿಟ್ಟ. ಊರಿಗೆ ಬಂದ ಮೇಲೆ ಸೈನ್ಯಕ್ಕೆ ಅರ್ಜಿ ಹಾಕಿದ್ದಾನೆ. ನಾನು ಹೂಂ ಅನ್ನಲಿಲ್ಲ, ಬೇಡ ಅನ್ನಲೂ ನಾಲಿಗೆ ಏಳಲಿಲ್ಲ. ನೀವಾಗಿದ್ದರೆ ಏನೆನ್ನುತ್ತಿದ್ದಿರಿ?