ಕಸ ಬಿತ್ತೇ?

ಹೆರಿಗೆ ಕೋಣೆಯಿಂದ ಮಗುವಿನ ಅಳು ಕೇಳಿಸಿದೊಡನೆ ಬಾಗಿಲಾಚೆ ನಿಂತ ಅಜ್ಜಿಯರು ಕೇಳುವ ಮೊದಲ ಪ್ರಶ್ನೆ 'ಏನು ಮಗು?' ಎರಡನೆಯದು 'ಕಸ ಬಿತ್ತೇ?' ಮೊದಲನೆಯದರ ಉತ್ತರ ಏನೇ ಇರಲಿ, ಎರಡನೆಯದಕ್ಕೆ 'ಬಿತ್ತು' ಎಂದ ಮೇಲೆಯೇ ಅವರು ಗೋಡೆಗೊರಗಿ ಕೂರುತ್ತಿದ್ದುದು. ಕಸ ಒಳಗೇ ಉಳಿದರೆ ರಕ್ತ ಹರಿದು ತಾಯಿ ಕೈತಪ್ಪುತ್ತಾಳೆಂದು ಯಾವ ಪುಸ್ತಕ ಓದದೆಯೂ ಅವರಿಗೆ ಗೊತ್ತಿತ್ತು.

ಡಿ.ಜಿ.ಓ. ಮುಗಿಸಿ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಐದು ವರ್ಷ ಹೆರಿಗೆ ಮಾಡಿಸಿದೆ. ಬಿದ್ದ ಕಸವನ್ನು ಅಂಗೈ ಮೇಲೆ ಹರಡಿ, ಪೂರ್ತಿ ಬಂದಿದೆಯೇ, ಚೂರೇನಾದರೂ ಒಳಗೆ ಉಳಿದಿದೆಯೇ ಎಂದು ನೋಡುವುದು; ಆಮೇಲೆ ಬಕೀಟಿಗೆ. ಹೆಸರೇ ಕಸ. ಅದಕ್ಕೆ ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ನಾನಾಗಲಿ ಆಯಾ ಆಗಲಿ ಕೊಟ್ಟದ್ದಿಲ್ಲ.

1999ರಲ್ಲಿ ನಮ್ಮ ಮನೆಯವರ ಕೆಲಸದಿಂದಾಗಿ ಅಮೆರಿಕದ ಒಹಾಯೋ ರಾಜ್ಯಕ್ಕೆ ಹೋದೆವು. ಬೇರೆ ದೇಶದಲ್ಲಿ ಓದಿದ ಡಾಕ್ಟರು ಎಷ್ಟೇ ವರ್ಷ ಕೆಲಸ ಮಾಡಿರಲಿ, ಆಗ ಅಲ್ಲಿ ಪರೀಕ್ಷೆಗಳನ್ನು ಪಾಸು ಮಾಡಿ, ಮತ್ತೆ ಮೊದಲಿನಿಂದ ರೆಸಿಡೆನ್ಸಿ ಎಂಬ ತರಬೇತಿಗೆ ಸೇರಬೇಕಿತ್ತು. ಮಗಳನ್ನು ಶಾಲೆಗೆ ಕಳಿಸಿ, ಅನ್ನಕ್ಕಿಟ್ಟು, ಕುಕ್ಕರಿನ ಸೀಟಿ ಎಣಿಸುತ್ತಾ ಓದಿದೆ. 2002ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ವಿಚಿತ್ರ ಪರೀಕ್ಷೆ. ರೋಗಿಗಳಂತೆ ನಟಿಸಲು ತರಬೇತಿ ಪಡೆದವರು ಒಂದೊಂದು ಕೋಣೆಯಲ್ಲಿರುತ್ತಿದ್ದರು. 15 ನಿಮಿಷದಲ್ಲಿ ಅವರನ್ನು ಮಾತಾಡಿಸಿ ಪರೀಕ್ಷಿಸಬೇಕಿತ್ತು. ಒಳಗೆ ಹೋಗುವ ಮುನ್ನ ಬಾಗಿಲು ತಟ್ಟುವುದನ್ನು ಮಾತ್ರ ಮರೆಯಬೇಡಿ ಎಂದು ಎಲ್ಲರೂ ಹೇಳಿಕೊಟ್ಟಿದ್ದರು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿದ್ದದ್ದು ಹರಿದ ಪರದೆ. ಅದನ್ನು ತಟ್ಟುವುದೆಲ್ಲಿ ಬಂತು! ಅಂತೂ ಪಾಸಾದೆ.

ಉಳಿದದ್ದು ಮ್ಯಾಚ್. ಹೆಸರೇ ಹೇಳುವಂತೆ ಇದು ಜಾತಕ ಕೂಡಿಸುವ ಕೆಲಸ. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಮೊದಲು ಸಂದರ್ಶನ. ಆಮೇಲೆ ನನಗೆ ಯಾವ ಆಸ್ಪತ್ರೆ ಮೊದಲು, ಯಾವುದು ಎರಡನೆಯದು ಎಂದು ನಾನು ಪಟ್ಟಿ ಕೊಡಬೇಕು. ಆಸ್ಪತ್ರೆಗಳೂ ಅಭ್ಯರ್ಥಿಗಳ ಪಟ್ಟಿ ಕೊಡುತ್ತವೆ. ಎರಡನ್ನೂ ಕಂಪ್ಯೂಟರಿಗೆ ಹಾಕಿ ಸಂಬಂಧ ಗೊತ್ತು ಮಾಡುತ್ತಾರೆ. ಗೊತ್ತಾದ ಮೇಲೆ ಎರಡು ಕಡೆಯವರೂ ಒಲ್ಲೆ ಎನ್ನುವಂತಿಲ್ಲ. 1952ರಿಂದ ನಡೆದುಬಂದ ಪದ್ಧತಿ ಇದು. ಇಂಥ ಲೆಕ್ಕವನ್ನು ವಿವರಿಸಿ ಗೇಲ್ ಮತ್ತು ಶೇಪ್ಲಿ ಎಂಬ ಇಬ್ಬರು ಗಣಿತಜ್ಞರು 1962ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಮದುವೆಯ ಮಾತಿದೆ. 2012ರಲ್ಲಿ ಶೇಪ್ಲಿಗೂ, ಮ್ಯಾಚ್‌ನ ಲೆಕ್ಕವನ್ನು ತಿದ್ದಿದ ಆಲ್ವಿನ್ ರಾತ್‌ಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮೂರ ಜೋಯಿಸರು ಜೀವಮಾನವಿಡೀ ಇದನ್ನೇ ಮಾಡಿದರು. ಅವರಿಗೆ ಸಿಕ್ಕಿದ್ದು ತಾಂಬೂಲ, ದಕ್ಷಿಣೆ.

ನಾನು ಹಾಕಿದ ಅರ್ಜಿಗಳೆಲ್ಲ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಕ್ಕೆ. ಅರವತ್ತು ಅರ್ಜಿಗೆ ಮೂರು ಸಂದರ್ಶನ. ಎರಡು ಸಾವಿರಕ್ಕೂ ಮೀರಿ ಹೆರಿಗೆ ಮಾಡಿಸಿದ್ದೇನೆಂದು ಎದೆಯುಬ್ಬಿಸಿ ಹೇಳಿದರೆ, ಎದುರಿದ್ದವರು ಕೇಳಿದ್ದು 'ಎಂ.ಬಿ.ಬಿ.ಎಸ್. ಮುಗಿಸಿ ಎಷ್ಟು ವರ್ಷವಾಯಿತು?' ಹದಿಮೂರು ಎಂದೆ. ಅವರು ಬರೆದುಕೊಂಡರು. ನಮ್ಮಲ್ಲಿ ಅನುಭವವೆನಿಸಿಕೊಳ್ಳುವುದು ಅಲ್ಲಿ ವಯಸ್ಸು ಮೀರಿದ ಹೆಣ್ಣಿನ ಲೆಕ್ಕ.

2003ರ ಮಾರ್ಚ್ 17, ಸೋಮವಾರ ಮಧ್ಯಾಹ್ನ ಫಲಿತಾಂಶ. ಎಲ್ಲಿ ಸಿಕ್ಕಿತು ಎಂಬುದು ಆಗ ಗುರುವಾರ ತಿಳಿಯುತ್ತಿತ್ತು. ಸಿಕ್ಕಿತೋ ಇಲ್ಲವೋ ಎಂಬುದಷ್ಟೇ ಸೋಮವಾರ. ನನಗೆ ಗುರುವಾರದ ಅಗತ್ಯ ಬೀಳಲಿಲ್ಲ. ಅತ್ತೆ ಅಡುಗೆಮನೆಯಿಂದ 'ಏನಾಯಿತು?' ಎಂದರು. 'ಆಗಲಿಲ್ಲ' ಎಂದೆ. ಅವರು ಒಗ್ಗರಣೆ ಹಾಕುವುದನ್ನು ನಿಲ್ಲಿಸಲಿಲ್ಲ. ಅದೇ ಒಳ್ಳೆಯದಾಯಿತು, ಹತ್ತಿರ ಬಂದು ತಲೆ ಸವರಿದ್ದರೆ ಅತ್ತುಬಿಡುತ್ತಿದ್ದೆ. ಆ ರಾತ್ರಿ ಅಧ್ಯಕ್ಷ ಬುಷ್ ಟೀವಿಯಲ್ಲಿ ಇರಾಕಿಗೆ 48 ಗಂಟೆಗಳ ಗಡುವು ಕೊಟ್ಟರು. ಜಗತ್ತಿಗೆ ಯುದ್ಧದ ಚಿಂತೆ, ನನಗೆ ನನ್ನದು.

ಮಂಗಳವಾರ ಖಾಲಿ ಉಳಿದ ಜಾಗಗಳ ಪಟ್ಟಿ ಬಂತು. ಈಗ, 2012ರಿಂದ, ಅದಕ್ಕೂ ಒಂದು ಕ್ರಮವಿದೆ. ಆಗ ಇದ್ದದ್ದು ಫೋನು, ಫ್ಯಾಕ್ಸು, ಮತ್ತು ಕೈಕಾಲು ನಡುಕ. ಸಂತೆಯ ಕೊನೆಯ ಬಸ್ಸಿಗೆ ಮುಗಿಬಿದ್ದ ಹಾಗೆ ಸಾವಿರಾರು ಮಂದಿ ಒಟ್ಟಿಗೆ ಅದೇ ನಂಬರುಗಳಿಗೆ ಫೋನು ಮಾಡುವುದು. ಬೆರಳು ನೋಯುವವರೆಗೆ ಒತ್ತಿದೆ. ಸಿಕ್ಕಿದ ಕಡೆಯೆಲ್ಲ 'ತುಂಬಿತು' ಎಂದರು.

ಎರಡು ವಾರಕ್ಕೆ ಯುಗಾದಿ. ಕನ್ನಡ ಕೂಟದ ಊಟದಲ್ಲಿ ಹೋಳಿಗೆ ಬಡಿಸುತ್ತಾ ಹೆಂಗಸರು 'ಮ್ಯಾಚ್ ಆಯಿತಾ?' ಎಂದು ಕೇಳಿದ ದನಿ, ನಮ್ಮೂರ ಮದುವೆಮನೆಗಳಲ್ಲಿ 'ಎಲ್ಲಾದರೂ ಗೊತ್ತಾಯಿತಾ?' ಎಂದು ಕೇಳುವ ದನಿಯೇ. ಆ ವರ್ಷ ಬೇವು ಸ್ವಲ್ಪ ಹೆಚ್ಚೇ ತಿಂದೆ.

ಪೆಥಾಲಜಿಗೆ ಹೋಗು ಎಂದವಳು ನನ್ನಂತೆಯೇ ಬಂದಿದ್ದ ಒಬ್ಬ ತೆಲುಗು ಗೆಳತಿ. ಆ ವಿಭಾಗ ಹೊರದೇಶದವರನ್ನು ಸೇರಿಸಿಕೊಳ್ಳುತ್ತದೆ, ಸಂಜೆಗೆ ಮನೆ ಸೇರಬಹುದು ಎಂಬುದೇ ಅವಳ ವಾದ. ಇದರಲ್ಲಿ ಯಾವ ಆದರ್ಶವೂ ಇರಲಿಲ್ಲ, ಹೇಳಿಬಿಡುತ್ತೇನೆ. ಊರಿಗೆ ಫೋನು ಮಾಡಿದರೆ ಅಮ್ಮ 'ಅಂದರೆ ಹೆಣ ಕೊಯ್ಯೋ ಕೆಲಸವಾ?' ಎಂದರು. ಅದೂ ಇದೆ, ಆದರೆ ಹೆಚ್ಚಿನದು ಬದುಕಿರುವವರಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವುದು ಎಂದೆ. 'ಮುಖ ನೋಡದ ಡಾಕ್ಟರು' ಎಂದರು ಅಮ್ಮ. ನನಗೂ ಹಾಗೇ ಅನ್ನಿಸಿತ್ತು. 2004ರ ಪಟ್ಟಿಯಲ್ಲಿ ಪೆಥಾಲಜಿ ಮಾತ್ರ ಬರೆದೆ. ಸಿಕ್ಕಿತು. ನಾಲ್ಕು ವರ್ಷದ ತರಬೇತಿ.

ಮೊದಲ ತಿಂಗಳುಗಳಲ್ಲಿ ನನ್ನ ಕೈಗಳು ನನ್ನ ಮಾತು ಕೇಳುತ್ತಿರಲಿಲ್ಲ. ನಿದ್ದೆಯಲ್ಲಿ ಮಗುವಿನ ತಲೆ ಹಿಡಿದಂತೆ ಬೆರಳು ಮಡಚಿಕೊಳ್ಳುತ್ತಿದ್ದವು. ಹೀಗಿರುವಾಗ ಒಂದು ಬೆಳಿಗ್ಗೆ ಮೇಲಿನ ಮಹಡಿಯ ಹೆರಿಗೆ ವಿಭಾಗದಿಂದ ಮುಚ್ಚಳದ ಬಿಳಿ ಡಬ್ಬಿಯೊಂದು ನನ್ನ ಮೇಜಿಗೆ ಬಂತು. ತೆರೆದರೆ ಕಸ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗು ಮೇಲೆ, ಕಸ ನನ್ನ ಪಾಲಿಗೆ.

ಅವಧಿಗೆ ಮೊದಲೇ ಹೆರಿಗೆಯಾದಾಗ, ಮಗು ಬೆಳೆಯದಿದ್ದಾಗ, ಹೊಟ್ಟೆಯಲ್ಲೇ ತೀರಿಕೊಂಡಾಗ ಅಲ್ಲಿ ಕಸವನ್ನು ಪೆಥಾಲಜಿಗೆ ಕಳಿಸುತ್ತಾರೆ. ಬಳ್ಳಿ, ಪೊರೆಗಳನ್ನು ಕತ್ತರಿಸಿ ತೂಗಬೇಕು. ತುಂಬಿದ ತಿಂಗಳಿನದು ಸುಮಾರು 500 ಗ್ರಾಂ. ಬಳ್ಳಿಯನ್ನು ಅಡ್ಡ ಕುಯ್ದು ರಕ್ತನಾಳ ಎಣಿಸಬೇಕು, ಮೂರಿರಬೇಕು. ಆಮೇಲೆ ಬ್ರೆಡ್ಡಿನ ಹಾಗೆ ಹೋಳು ಮಾಡಿ, ಅನುಮಾನ ಬಂದ ಕಡೆ ಚೂರು ತೆಗೆದು ಗಾಜಿನ ಮೇಲೇರಿಸಬೇಕು. ರಕ್ತ ನಿಂತದ್ದು, ಸೋಂಕು ಏರಿದ್ದು, ಎಲ್ಲ ಅದರಲ್ಲಿ ದಾಖಲಾಗಿರುತ್ತದೆ.

ಎರಡನೆಯ ವರ್ಷ ಒಂದು ಬಂತು. ತಾಯಿಯ ಕಡೆಯ ಮೈ ಹಳದಿಗಟ್ಟಿ ತೊಗಟೆಯಂತೆ ಬಿರುಸಾಗಿತ್ತು. ಫೈಬ್ರಿನ್ ಎಂಬ ಅಂಟು ಪದಾರ್ಥ ಕಸದ ಎಳೆಗಳನ್ನೆಲ್ಲ ಸುತ್ತಿ ಮಗುವಿಗೆ ಆಹಾರ ಸಿಗದಂತೆ ಮಾಡುವ ಅಪರೂಪದ ತೊಂದರೆ ಇದು ಎಂದರು ನಮ್ಮ ಮೇಷ್ಟ್ರು. ಮುಂದಿನ ಬಸಿರಿನಲ್ಲೂ ಮರುಕಳಿಸಬಹುದಂತೆ. ನನ್ನ ಕೈಗವಸಿನೊಳಗೆ ಬೆರಳು ತಣ್ಣಗಾಯಿತು. ಆ ಬಿರುಸು ನನಗೆ ಹೊಸದಲ್ಲ.

1996ರ ಮಳೆಗಾಲ. ತಾಲ್ಲೂಕು ಆಸ್ಪತ್ರೆಗೆ ಮೂರನೆಯ ಬಸಿರಿನವಳು ಬಂದಿದ್ದಳು. ಮೊದಲೆರಡು ಎಂಟನೇ ತಿಂಗಳಲ್ಲಿ ಹೋಗಿದ್ದವು; ಇದೂ ಹಾಗೇ, ಅಂಗೈಯಗಲದ ಕೂಸು. ಕಸ ಎತ್ತಿದ ಆಯಾ 'ಸೀದ ದೋಸೆ ಇದ್ದ ಹಾಗಿದೆಯಲ್ಲ ಅಮ್ಮಾ' ಎಂದಳು. ನಾನು ಮುಟ್ಟಿ ನೋಡಿ, ಪೂರ್ತಿ ಬಂದಿದೆ ಎಂದು ಬಕೀಟಿಗೆ ಹಾಕಿದೆ. ಹೊರಗೆ ಅವಳ ಅತ್ತೆ, 'ಇವಳ ಹೊಟ್ಟೆಯಲ್ಲೇ ದೋಷವಾ ಡಾಕ್ಟ್ರೇ?' ಎಂದು ಕೇಳಿದರು. 'ಹಣೆಬರಹಕ್ಕೆ ಯಾರೇನು ಮಾಡೋದು?' ಎಂದುಬಿಟ್ಟೆ. ಒಳಗೆ ಮಲಗಿದ್ದ ಅವಳಿಗೂ ಅದು ಕೇಳಿಸಿತು. ಮರುವರ್ಷ ಅವಳನ್ನು ತವರಿಗೆ ಕಳಿಸಿದರು, ಅವನು ಇನ್ನೊಬ್ಬಳನ್ನು ತಂದ ಎಂದು ಯಾರೋ ಹೇಳಿದರು.

ಅವಳದ್ದು ಇದೇ ತೊಂದರೆ ಎಂದು ನಾನು ಹೇಳಲಾರೆ. ತಿಳಿದ ಮೇಲೆ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಆ ಆಸ್ಪತ್ರೆಯಲ್ಲಿ ಪೆಥಾಲಜಿಯವರೇ ಇರಲಿಲ್ಲ. ತಿಳಿದಿದ್ದರೂ ಇದಕ್ಕೆ ಖಂಡಿತವಾದ ಮದ್ದು ಇಂದಿಗೂ ಇಲ್ಲ. ಆದರೆ ಹಣೆಬರಹ ಎಂದವಳು ನಾನು, ಆಸ್ಪತ್ರೆಯ ಬಿಳಿ ಕೋಟು ಹಾಕಿಕೊಂಡು.

ಅಮೆರಿಕದಲ್ಲಿ 2021ರ ಏಪ್ರಿಲಿನಿಂದ ನಮ್ಮ ವರದಿಗಳು ಸಿದ್ಧವಾದೊಡನೆ ರೋಗಿಗಳಿಗೇ ಕಾಣಿಸುತ್ತವೆ. ಕೆಲವೊಮ್ಮೆ ಡಾಕ್ಟರಿಗಿಂತ ಮೊದಲು ತಾಯಿಯೇ ಓದಿರುತ್ತಾಳೆ. ಹಾಗಾಗಿ ಒಂದೊಂದು ಪದ ಬರೆಯುವಾಗಲೂ ಮಂಚದ ಮೇಲೆ ಕೂತು ಓದುವವಳೊಬ್ಬಳು ನನ್ನ ಕಣ್ಣೆದುರಿಗಿರುತ್ತಾಳೆ. ಒಮ್ಮೆ ಹೆರಿಗೆ ವಿಭಾಗದಿಂದ ಫೋನು ಬಂತು: ಮಗು ಕಳೆದುಕೊಂಡವಳು, ತಾನು ಭಾರದ ಪೆಟ್ಟಿಗೆ ಎತ್ತಿದ್ದರಿಂದ ಹೀಗಾಯಿತೇ ಎಂದು ಕೇಳುತ್ತಿದ್ದಾಳಂತೆ. 'ಇಲ್ಲ. ಅವಳು ಮಾಡಿದ ಯಾವುದರಿಂದಲೂ ಅಲ್ಲ' ಎಂದೆ. ಫೋನು ಇಟ್ಟ ಮೇಲೆ ಬಹಳ ಹೊತ್ತು ಮುಂದಿನ ಗಾಜು ಎತ್ತಿಕೊಳ್ಳಲಾಗಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಆ ಆಯಾಳ ಮನೆ ಹುಡುಕಿಕೊಂಡು ಹೋದೆ. ಈಗ ಕಣ್ಣು ಮಂಜು. ದನಿ ಕೇಳಿಯೇ ಗುರುತು ಹಿಡಿದಳು. 'ಅಲ್ಲಿ ದಿನಕ್ಕೆಷ್ಟು ಹೆರಿಗೆ ಮಾಡಿಸ್ತೀರಿ?' ಎಂದಳು. ಹೆರಿಗೆಯಿಲ್ಲ, ಕಸ ನೋಡುವ ಕೆಲಸ ಎಂದೆ. 'ಅಷ್ಟು ಓದಿ, ಅಷ್ಟು ದೂರ ಹೋಗಿ, ಕಸ ನೋಡೋದಾ!' ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು. ನಾನೂ ನಕ್ಕೆ. ಆಮೇಲೆ ಕೇಳಿದೆ: ಆ ಮಳೆಗಾಲ, ಮೂರನೆಯದೂ ಹೋಯಿತಲ್ಲ, ಸೀದ ದೋಸೆ ಎಂದಿದ್ದೆಯಲ್ಲ, ಅವಳು ಯಾವ ಊರಿನವಳು, ನೆನಪಿದೆಯಾ?

ಆಯಾ ಬಹಳ ಹೊತ್ತು ಯೋಚಿಸಿದಳು. 'ಯಾರನ್ನು ಹೇಳ್ತೀರೋ ಗೊತ್ತಾಗಲಿಲ್ಲ ಅಮ್ಮಾ' ಎಂದಳು. 'ಅಂಥವರು ತುಂಬಾ ಜನ ಇದ್ದರಲ್ಲ.'