ಕಾರಿನ ಗಾಳಿ ಗಂಡಸ್ರಿಗೇ ಬಿಟ್ಟಿದ್ದಲ್ಲ

ತಂಬ್ಳಿ, ಅಪ್ಪೆಹುಳಿ ಬರ್ಕಂಡು ಇದ್ದಿದ್ದ ಇದಕ್ಕೆ ಕಾರಿನ ಚಕ್ರದ ಸುದ್ದಿ ಎಂತಕ್ಕೆ ಹೇಳಿ ನಗ್ಯಾಡಡಿ. ಹೋದ ಆಷಾಢದಲ್ಲಿ ಒಂದು ರಾತ್ರಿ ಹೆದ್ರಿದ್ದು ಇನ್ನೂ ಮರ್ತಿದ್ದಿಲ್ಲೆ, ಅದಕ್ಕೇ ಬರೀತಾ ಇದ್ದಿ.

ಯಮ್ಮನೆ ಇಪ್ಪದು ಹೊಸನಗರ ಸೀಮೆಯಲ್ಲಿ. ಡಾಂಬರು ರಸ್ತೆಯಿಂದ ಮನೆಗೆ ಅರ್ಧ ಮೈಲಿ ಕೆಸರು ದಾರಿ. ಅದಕ್ಕೇ ಹೇಳಿ ಮಾಣಿ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಪ ಕಾರು ತಗಂಡ. ಬೇರೆ ಕಾರು ಹುಗಿಯ ಜಾಗದಲ್ಲಿ ಇದು ಗುರ್ ಹೇಳಿ ಹತ್ತಿ ಬತ್ತು. ಹಂಗಾಗಿ ಅದರ ಮೇಲೆ ಯಂಗಳಿಗೆ ಭಾರೀ ಧೈರ್ಯ. ಗಾಳಿ ಸರಿ ಇದ್ದಾ ಹೇಳಿ ಯಾರೂ ನೋಡಿದ್ದಿಲ್ಲೆ.

ಆ ರಾತ್ರಿ ಅತ್ತೆಗೆ ಉಸ್ರು ಕಟ್ಟಿದಂಗಾತು. ಸಾಗರದ ಆಸ್ಪತ್ರೆಗೆ ಹೊಂಟ್ಯ. ಜೋರು ಮಳೆ. ಕೆಸರು ದಾರಿ ಸಲೀಸಾಗಿ ದಾಟ್ತು. ಡಾಂಬರು ರಸ್ತೆಯಲ್ಲಿ ಸುಮಾರು ದೂರ ಹೋದ ಮೇಲೆ ಕಾರು ಎಡಕ್ಕೆ ಎಳೀಲೆ ಶುರು ಮಾಡ್ತು. ಒಂದು ಬಲ ತಿರುವಲ್ಲಿ ಸರಿ ತಿರುಗದೆ ಚರಂಡಿ ಬದಿಗೇ ಹೋತು. ಹ್ಯಾಂಗೋ ನಿಲ್ಸಿ ಟಾರ್ಚ್ ಹಿಡಿದ್ರೆ, ಮುಂದಿನ ಎಡ ಚಕ್ರ ಅರ್ಧ ಕೂತ್ಗಂಡಿತ್ತು, ರಬ್ಬರ್ ಸುಟ್ಟ ವಾಸನೆ. ಮಾಣಿ ಮಳೇಲಿ ನೆನ್ಕಂಡು ಸ್ಟೆಪ್ನಿ ಹಾಕ್ತಾ ಇದ್ದ, ಒಳಗೆ ಅತ್ತೆ ಏದುಸಿರು ಬಿಡ್ತಾ ಇತ್ತು. ಆ ಇಪ್ಪತ್ತು ನಿಮಿಷ ಆನು ಹರಕೆ ಹೇಳದ ದೇವರಿಲ್ಲೆ.

ಪುಣ್ಯಕ್ಕೆ ಅತ್ತೆ ನಾಲ್ಕು ದಿನಕ್ಕೆ ಹುಷಾರಾಗಿ ಮನೆಗೆ ಬಂತು.

ಪಂಕ್ಚರ್ ಅಂಗಡಿಯಲ್ಲಿ ನೋಡಿದ್ರೆ ಚಕ್ರಕ್ಕೆ ಸಣ್ಣ ಮೊಳೆ. ದಿನಾ ಒಂಚೂರು ಗಾಳಿ ಹೋಗ್ತಿತ್ತಡ. "ನಾಲ್ಕೂ ಚಕ್ರ ಎಳೀತವಲ್ಲ, ಒಂದರಲ್ಲಿ ಗಾಳಿ ಕಮ್ಮಿ ಇದ್ರೆ ಎಂತ ಆಗ್ತದೆ?" ಹೇಳಿ ಕೇಳಿದಿ.

"ಅಮ್ಮಾ, ಎಳೆಯೋದಕ್ಕೆ ನಾಲ್ಕು ಚಕ್ರ ಸಹಾಯ ಮಾಡ್ತವೆ. ನಿಲ್ಲಿಸೋದಕ್ಕೆ, ತಿರುಗಿಸೋದಕ್ಕೆ ಟಯರಿನ ಹಿಡಿತ ಒಂದೇ ಗತಿ" ಹೇಳಿದ ಅಂವ.

ಮತ್ತೆ ಬಿಡ್ಸಿ ಹೇಳ್ದ. ಗಾಳಿ ಕಮ್ಮಿ ಆದ ಚಕ್ರ ಒಂಚೂರು ಕುಳ್ಳಾಗ್ತು. ಸುತ್ತಳತೆ 2 ಮೀಟರ್ ಇದ್ರೆ ಕಿಲೋಮೀಟರಿಗೆ 500 ಸುತ್ತು. ಬರೀ 1 ಸೆಂಟಿಮೀಟರ್ ಕಮ್ಮಿ ಆದ್ರೂ ಎರಡೂವರೆ ಸುತ್ತು ಹೆಚ್ಚು ತಿರುಗವು. ಉದ್ದ ಕಾಲಿನ ಅಕ್ಕ, ಗಿಡ್ಡ ಕಾಲಿನ ತಂಗಿ ಒಂದೇ ಹಂಡೆ ಹಿಡ್ಕಂಡು ನಡೆದಂಗೆ. ಮುಂದಿನ, ಹಿಂದಿನ ಚಕ್ರಕ್ಕೆ ಶಕ್ತಿ ಹಂಚ ಭಾಗ ಆ ವ್ಯತ್ಯಾಸನ ದಾರಿ ಪೂರ್ತಿ ಸಂಭಾಳಿಸವು. ತಿಂಗಳುಗಟ್ಟಲೆ ಹಂಗೇ ಓಡ್ಸಿದ್ರೆ ಅದು ಬಿಸಿಯಾಗಿ ಸವೀತು, ರಿಪೇರಿಗೆ ಒಂದು ಕೊಯ್ಲಿನ ಅಡಕೆ ದುಡ್ಡು ಬೇಕು. ಒಂದೇ ಟಯರ್ ಹೊಸದು ಹಾಕಿ ಉಳಿದ ಮೂರು ಸವೆದದ್ದಿದ್ರೂ ಅದೇ ಕಥೆ.

"ಹಂಗಾರೆ ಜೀಪಿನವ್ರು ಗಾಳಿ ಬಿಡ್ತ್ರಲಾ?" ಹೇಳಿ ಯಮ್ಮನೆಯವ್ರು ಕೇಳಿದ. ಕೆಸರು, ಮರಳಲ್ಲಿ ನಿಧಾನ ಹೋಪಲೆ ಬೇಕು ಹೇಳೇ ಕಮ್ಮಿ ಮಾಡ್ತಡ. ಡಾಂಬರಿಗೆ ಬಂದ ಮೇಲೆ ತುಂಬ್ಲೇ ಬೇಕಡ.

ಈಗ ಗಾಳಿ ನೋಡ ಮೀಟರು ಯಮ್ಮನೆ ಅಡುಗೆಮನೆ ಕಪಾಟಲ್ಲಿ ಇದ್ದು. ಹದಿನೈದು ದಿನಕ್ಕೊಂದ್ಸಲ, ಬೆಳಿಗ್ಗೆ ಕಾರು ಹೊರಡದಕ್ಕಿಂತ ಮುಂಚೆ ಆನೇ ನೋಡ್ತಿ. ಓಡಿ ಬಂದ ಮೇಲೆ ನೋಡ್ಲಾಗ, ಬಿಸಿಗೆ ಅಂಕಿ ಹೆಚ್ಚು ತೋರ್ಸ್ತು. ಎಷ್ಟು ಇರವು ಹೇಳಿ ಡ್ರೈವರ್ ಬಾಗಿಲ ಹತ್ರ ಚೀಟಿ ಅಂಟ್ಸಿರ್ತು, ಯಮ್ಮನೆ ಕಾರಿಗೆ 33. ಸ್ಟೆಪ್ನಿನೂ ನೋಡವು. ಗ್ಯಾಸ್ ಸಿಲಿಂಡರ್ ಎತ್ತಿ ನೋಡದಕ್ಕಿಂತ ಸಸಾರ.

ತೀರ್ಥಹಳ್ಳಿ ತಂಗಿಗೆ ಫೋನಲ್ಲಿ ಇದೆಲ್ಲ ಹೇಳಿದ್ರೆ, "ನೀ ಎಂತ ಗ್ಯಾರೇಜು ತೆಗೆದ್ಯನೇ" ಹೇಳಿ ನಗ್ಯಾಡ್ತು. ಅವು ಮಾರನೇ ದಿನ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಪವಿದ್ದಿದ್ದ. ಬೆಳಿಗ್ಗೆ ಅದೇ ಫೋನ್ ಮಾಡ್ತು. "ಅಕ್ಕಾ, ಹಿಂದಿನ ಒಂದು ಚಕ್ರದಲ್ಲಿ 19 ಇದ್ದು. ಗಾಳಿ ಹಾಕ್ಸಿ ಹೊರಡ್ತ್ಯ."