44ರ ಅಂಗಿ

“ಅಜ್ಜೀ, ಕತ್ತರಿ ಕೆಳಗಿಡು!”

ಬೆನ್ನ ಮೇಲಿನ ಬ್ಯಾಗನ್ನೂ ಇಳಿಸದೆ ಮೊಮ್ಮಗ ಓಡಿಬಂದ. ನನ್ನ ಕೈ ಹಾಗೇ ನಿಂತಿತು.

ಮಗಳ ಮನೆ ಇರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಕಳೆದ ಸಲ ಹೋದಾಗ ಮೊಮ್ಮಗನಿಗೆ ಹದಿಮೂರು ವರ್ಷ, ತಲೆ ತುಂಬ ಬೇಸ್‌ಬಾಲ್ ಹುಚ್ಚು. ಹುಟ್ಟುಹಬ್ಬದ ದುಡ್ಡನ್ನೆಲ್ಲ ಕೂಡಿಟ್ಟು, ಹಳೇ ಸಾಮಾನಿನ ಸಂತೆಯಲ್ಲಿ ಒಂದು ಜೆರ್ಸಿ ಕೊಂಡಿದ್ದ. 1950ರ ದಶಕದಲ್ಲಿ ಯಾವುದೋ ಸಣ್ಣ ಊರಿನ ತಂಡದ ಆಟಗಾರ ತೊಟ್ಟು ಆಡಿದ್ದಂತೆ. ಇವನು ತೊಟ್ಟರೆ ಬೆರ್ಚಪ್ಪನ ಹಾಗೆ ಕಾಣುತ್ತಿದ್ದ.

ನಾನೋ ಮೈಸೂರಿನಲ್ಲಿ ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದು ಬೀದಿಯ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದವಳು. ಅಣ್ಣನ ಅಂಗಿಯನ್ನು ತಮ್ಮನಿಗೆ ಹಿಡಿಸಿಕೊಡುವುದು ನನಗೆ ನೀರು ಕುಡಿದಷ್ಟು ಸುಲಭ. ಮಗು ಸ್ಕೂಲಿನಿಂದ ಬರುವಷ್ಟರಲ್ಲಿ ಸರಿಮಾಡಿಡೋಣ ಅಂತ ಪಕ್ಕಗಳಿಗೆ ಸೀಮೆಸುಣ್ಣದ ಗೆರೆ ಎಳೆದು ಕೂತಿದ್ದೆ.

“ಕತ್ತರಿಸಿದರೆ ಇದು ಅವನ ಜೆರ್ಸಿಯೇ ಅಲ್ಲ ಅಜ್ಜಿ,” ಅಂದ. ಕಣ್ಣು ತುಂಬಿತ್ತು. ನನಗೆ ಅವನ ಮುಖ ನೋಡಲಾಗಲಿಲ್ಲ. ಗೆರೆಗಳನ್ನೆಲ್ಲ ಬ್ರಶ್‌ನಿಂದ ಒರೆಸಿ, “ಹೋಗಲಿ, ಅಳತೆಯಾದರೂ ನೋಡೋಣ ಬಾ,” ಅಂದೆ.

ಒಳಗಡೆ ಹೊಲಿದಿದ್ದ ಪುಟ್ಟ ಬಟ್ಟೆಚೀಟಿಯಲ್ಲಿ 44 ಅಂತಿತ್ತು. ಎದೆಯ ಸುತ್ತಳತೆ, ಇಂಚಿನಲ್ಲಿ. ಜೆರ್ಸಿಯನ್ನು ಮೇಜಿನ ಮೇಲೆ ಹರಡಿ ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದೆ. ಇಪ್ಪತ್ತೂವರೆ. ಎರಡರಷ್ಟು ಮಾಡಿದರೆ 41.

“ಚೀಟಿ ಸುಳ್ಳಾ ಅಜ್ಜಿ?”

ಸುಳ್ಳಲ್ಲ. ಆಗಿನ ಜೆರ್ಸಿಗಳು ಉಣ್ಣೆಯ ಫ್ಲಾನೆಲ್ ಬಟ್ಟೆಯವು. ಬಿಸಿಲು, ಬೆವರು, ಮಣ್ಣು. ಆಟ ಮುಗಿದ ಮೇಲೆ ಒಗೆತ. ಉಣ್ಣೆ ಕುಗ್ಗದೆ ಇರುತ್ತದೆಯೇ? ಮೂರು ಇಂಚು ಹೋಗಿರುವುದು ಅಲ್ಲೇ. ಮೊದಲೇ ಸಡಿಲವಾಗಿ ಹೊಲಿಸುತ್ತಿದ್ದರಂತೆ. ಒಳಗೊಂದು ಉದ್ದ ತೋಳಿನ ಬನಿಯನ್ ಬೇರೆ, ಬ್ಯಾಟ್ ಬೀಸಲು ಹೆಗಲಿಗೆ ಜಾಗ ಬೇರೆ. 1970ರಲ್ಲಿ ಇದೇ ಪಿಟ್ಸ್‌ಬರ್ಗ್‌ನ ಪೈರೇಟ್ಸ್ ತಂಡ ಹಿಗ್ಗುವ ಪಾಲಿಯೆಸ್ಟರ್ ಜೆರ್ಸಿ ತೊಟ್ಟು ಮೈದಾನಕ್ಕಿಳಿಯಿತು. ಆಮೇಲೆ ಅಂಗಿ ಮೈಗೆ ಅಂಟಿಕೊಂಡಿತು. ಹಾಗಾಗಿ ಆಗಿನ 44ಕ್ಕೂ ಆಮೇಲಿನ 44ಕ್ಕೂ ತಾಳೆಯಾಗುವುದಿಲ್ಲ.

ಜೆರ್ಸಿಯನ್ನು ಮಗುಚಿದಾಗ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ಬೆನ್ನಿನ ಮೇಲೆ 7. ಅದರ ಸುತ್ತ ಸಾಲುಸಾಲು ಸೂಜಿತೂತು, ಬಟ್ಟೆಯೂ ಅಲ್ಲಿ ಅಷ್ಟು ಮಾಸಿರಲಿಲ್ಲ. ಬಿಚ್ಚಿದ ಹೊಲಿಗೆಯನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ. ಕಿಟಕಿಗೆ ಹಿಡಿದು ಬೆರಳಾಡಿಸಿದೆ.

“ಪುಟ್ಟಾ, ಇಲ್ಲಿ ಮೊದಲು 23 ಇತ್ತು ಕಣೋ!”

ಅವನು ಕುಣಿದುಬಿಟ್ಟ. ದೊಡ್ಡ ತಂಡಗಳು ತೊಟ್ಟು ಬಿಟ್ಟ ಜೆರ್ಸಿಗಳನ್ನು ತಮ್ಮ ಕೆಳಗಿನ ಸಣ್ಣ ತಂಡಗಳಿಗೆ ಕಳಿಸುತ್ತಿದ್ದರಂತೆ. ಅಲ್ಲಿ ಅಕ್ಷರ, ನಂಬರು ಬಿಚ್ಚಿ ಬೇರೆ ಹೊಲಿಯುತ್ತಿದ್ದರು. ಅಲ್ಲೂ ಅಣ್ಣನದು ತಮ್ಮನಿಗೇ!

ಅಳು ಮರೆತು ಅವನೇ ಒಂದು ಕಥೆ ಹೇಳಿದ. 1951ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದವರು ಎಡ್ಡಿ ಗೇಡಲ್ ಎಂಬವರನ್ನು ಬ್ಯಾಟಿಂಗಿಗೆ ಇಳಿಸಿದರು. ಎತ್ತರ 3 ಅಡಿ 7 ಇಂಚು, ಬೆನ್ನ ನಂಬರು 1/8. ಅಷ್ಟು ಗಿಡ್ಡ ಆಟಗಾರನಿಗೆ ಸರಿಯಾಗಿ ಎಸೆಯಲಾಗದೆ ನಾಲ್ಕು ಚೆಂಡೂ ಮೇಲೇ ಹೋದವು. ಗೇಡಲ್ ನಡೆದುಕೊಂಡೇ ಮೊದಲ ಬೇಸ್ ಸೇರಿದರು. ತೊಟ್ಟಿದ್ದ ಜೆರ್ಸಿ ಯಾರದು ಗೊತ್ತೇ? ತಂಡದ ಅಧಿಕಾರಿಯ ಒಂಬತ್ತು ವರ್ಷದ ಮಗನದು.

ಆ ಸಂಜೆ ಮೊಮ್ಮಗನ ಎದೆಯನ್ನೂ ಅಳೆದೆ. 31. ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಂಡ: ಜೆರ್ಸಿ 41, ನಾನು 31.

ಮೊನ್ನೆ ಭಾನುವಾರ ಫೋನಿನಲ್ಲಿ ಮುಖ ತೋರಿಸಿದವನೇ ಟೇಪು ಎತ್ತಿ ಹಿಡಿದ. “ಅಜ್ಜಿ, 36! ಇನ್ನು ಐದೇ ಇಂಚು.”

“ಉಸಿರು ಬಿಟ್ಟು ಅಳೆಯೋ ಕಳ್ಳಾ,” ಅಂದೆ.